ಪದಚರ್ಚೆ: ಕೌಬಾಯ್ ಕವಿಗಳ ಕೂಟಕ್ಕೆ ‘ಗೋಷ್ಠಿ’ ಎನ್ನಬಹುದೇ? ‘ರಾಂಚ್’ ಪದಕ್ಕೆ ‘ಕಾವಲು’?

ಬಳಗದವರಿಗೆಲ್ಲ ನಮಸ್ಕಾರ.

ಇಲ್ಲಿಯ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ಪಶ್ಚಿಮ ಟೆಕ್ಸಸ್ಸಿನ ಆಲ್ಪೈನ್ ಎಂಬ ಊರಿನ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. ಊರಿನ ಪರಿಚಯ ಸಲೀಸಾಗಿ ಬಂತು. ಅಲ್ಲಿಯ ಹಬ್ಬ, ಕಲೆ, ಕವಿಕೂಟಗಳಿಗೆ ಬರುವಾಗ ಪದಗಳು ಕೈಕೊಟ್ಟವು. ನನಗೆ ಹೊಳೆದದ್ದನ್ನು ಇಲ್ಲಿಡುತ್ತೇನೆ. ದನಕರುಗಳ ನಡುವೆ ಬೆಳೆದವರು, ಹಳಗನ್ನಡ ಓದಿದವರು ಇಬ್ಬರೂ ಈ ಬಳಗದಲ್ಲಿ ಇದ್ದೀರಿ. ಇಬ್ಬರ ಮಾತೂ ನನಗೆ ಬೇಕು.

ಸಂದರ್ಭ ತಿಳಿಯಲೆಂದು ಊರಿನ ಬಗ್ಗೆ ನಾಲ್ಕು ಮಾತು. ಆಲ್ಪೈನ್ ಬ್ರೂಸ್ಟರ್ ಕೌಂಟಿಯ ಕೇಂದ್ರ. ಈ ಕೌಂಟಿ ನಮ್ಮ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿಗಿಂತಲೂ ದೊಡ್ಡದು, ಸುಮಾರು 16,000 ಚದರ ಕಿಲೋಮೀಟರ್. ಬೆಳಗಾವಿ ಜಿಲ್ಲೆಯಲ್ಲಿ 2011ರ ಗಣತಿಗೇ 47 ಲಕ್ಷ ಮೀರಿ ಜನರಿದ್ದರೆ, ಇಲ್ಲಿ ಇಡೀ ಕೌಂಟಿಗೆ ಹತ್ತು ಸಾವಿರ ತುಂಬುವುದಿಲ್ಲ. ಅದರಲ್ಲಿ ಆರು ಸಾವಿರದಷ್ಟು ಜನ ಆಲ್ಪೈನಿನಲ್ಲೇ ಇದ್ದಾರೆ. 1880ರ ದಶಕದಲ್ಲಿ ರೈಲಿನೊಂದಿಗೆ ಹುಟ್ಟಿದ ಊರು. ಸುತ್ತ ಬರಡು ಗುಡ್ಡ, ಹುಲ್ಲುನೆಲ, ದನ. 1920ರಲ್ಲಿ ಶಿಕ್ಷಕರ ತರಬೇತಿ ಕಾಲೇಜಾಗಿ ಬಾಗಿಲು ತೆರೆದ ಸಲ್ ರಾಸ್ ಈಗ ವಿಶ್ವವಿದ್ಯಾಲಯ. ಕಾಲೇಜು ವಿದ್ಯಾರ್ಥಿಗಳ ರೋಡಿಯೊ (ಗೂಳಿ ಸವಾರಿ, ಹಗ್ಗ ಬೀಸಿ ಕರು ಹಿಡಿಯುವ ಆಟ) ಪಂದ್ಯಗಳಿಗೆ 1949ರಲ್ಲಿ ಒಂದು ರಾಷ್ಟ್ರೀಯ ಸಂಘ ಆಯಿತಲ್ಲ, ಅದು ಹುಟ್ಟಿದ್ದರಲ್ಲಿ ಈ ಕಾಲೇಜಿನದು ದೊಡ್ಡ ಪಾಲು. ವಿಶ್ವವಿದ್ಯಾಲಯಕ್ಕೆ ದನಗಳಿಗೆ ಒತ್ತುವಂಥ ತನ್ನದೇ ಒಂದು ಮುದ್ರೆಯಿದೆ: ಎಸ್, ಆರ್ ಎಂಬ ಎರಡು ಅಕ್ಷರ, ಆಚೀಚೆ ಒಂದೊಂದು ಗೆರೆ.

ಈಗ ಪದಗಳಿಗೆ ಬರುತ್ತೇನೆ.

‘ರಾಂಚ್’ ಅನ್ನು ನಮ್ಮ ಪತ್ರಿಕೆಗಳು ಹಾಗೇ ಬರೆಯುತ್ತವೆ, ಇಲ್ಲವೇ ‘ಜಾನುವಾರು ಫಾರಂ’ ಅನ್ನುತ್ತವೆ. ಫಾರಂ ಅಂದೊಡನೆ ನಮ್ಮ ಕಣ್ಣಿಗೆ ಬರುವುದು ಶೆಡ್ಡಿನಲ್ಲಿ ಸಾಲಾಗಿ ಕಟ್ಟಿದ ಸೀಮೆಹಸು, ಬೆಳಗ್ಗೆ ಸಂಜೆ ಡೈರಿಗೆ ಹೋಗುವ ಹಾಲಿನ ಕ್ಯಾನು. ಆಲ್ಪೈನಿನ ರಾಂಚು ಹಾಗಲ್ಲ. ಸಾವಿರಾರು ಎಕರೆ ನೆಲ, ಮುಳ್ಳುತಂತಿ ಬೇಲಿ, ಮಾಂಸಕ್ಕಾಗಿ ಸಾಕುವ ದನ ಬಯಲಿನಲ್ಲೇ ಮೇಯ್ದು ಬಯಲಿನಲ್ಲೇ ಕರು ಹಾಕುವ ಏರ್ಪಾಡು. ‘ದೊಡ್ಡಿ’ ಅಂದರೆ ಬೀಡಾಡಿ ದನ ಕೂಡುವ ಜಾಗವಾಗಿಬಿಡುತ್ತದೆ. ‘ಗೋಮಾಳ’ ಊರೊಟ್ಟಿನದು.

ನಮ್ಮದು ಬೀರೂರು ಕಡೆ. ನಮ್ಮಲ್ಲಿ ‘ಕಾವಲು’ ಅಂದರೆ ರಾತ್ರಿ ಕಾಯುವ ಕೆಲಸ ಮಾತ್ರವಲ್ಲ, ದನ ಮೇಯಿಸಲು ಬಿಟ್ಟ ವಿಶಾಲವಾದ ಹುಲ್ಲುನೆಲ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಆ ರಾಸುಗಳಿಗೆ ಮೀಸಲಿಟ್ಟ ಕಾವಲುಗಳು ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗದ ಉದ್ದಕ್ಕೂ ಇದ್ದವು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲು. ಋತು ನೋಡಿ ಮಂದೆಯನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಎಲ್ಲರಿಗೂ ಗೊತ್ತಿರುವ ‘ಹುಲ್ಲುಗಾವಲು’ ಪದದೊಳಗೂ ಇದೇ ಕಾವಲು ಕೂತಿದೆ. ತೊಡಕು ಒಂದೇ: ನಮ್ಮ ಕಾವಲು ಅರಸೊತ್ತಿಗೆಯದು, ಆಮೇಲೆ ಸರ್ಕಾರದ್ದು, ಅಲ್ಲಿ ಸಾಕಿದ್ದು ದಂಡಿನ ಫಿರಂಗಿ, ಸಾಮಾನು ಎಳೆಯುವ ಎತ್ತುಗಳನ್ನು. ರಾಂಚು ಒಂದು ಮನೆತನದ ಆಸ್ತಿ, ಅದರ ಉದ್ಯೋಗ. ಇಷ್ಟಾದರೂ ನನ್ನ ಮತ ಕಾವಲಿನ ಕಡೆಗೇ. ಮೊದಲ ಸಲ ಬಂದಾಗ ‘ಖಾಸಗಿ ದನಗಾವಲು’ ಎಂದು ಬಿಡಿಸಿ ಹೇಳಿ, ಆಮೇಲೆ ಬರೀ ‘ಕಾವಲು’ ಅಂದರೆ ಸಾಕು.

‘ಕೌಬಾಯ್’ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಈ ಪದ ಕನ್ನಡದಲ್ಲಿ ಟೊಪ್ಪಿ, ಬಂದೂಕಿನ ಸಿನಿಮಾದವನಾಗಿ ಬೇರೂರಿದೆ. ದನಕ್ಕೂ ಅವನಿಗೂ ಸಂಬಂಧವೇ ಉಳಿದಿಲ್ಲ. ‘ದನಗಾಹಿ’ ಎಂಬ ಪದ ಇದ್ದೂ ನಾವು ಅದನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತು. ಲೆಕ್ಕ ತಪ್ಪಿದ ಹುಡುಗನಿಗೆ ಮೇಷ್ಟ್ರು ‘ಹೋಗೋ, ದನ ಕಾಯೋಕ್ ಹೋಗು’ ಅನ್ನುತ್ತಿದ್ದರು. ಆ ಮಾತು ನಮ್ಮ ತಲೆಯಲ್ಲಿ ದನ ಕಾಯುವುದನ್ನು ಓದಿಗೆ ಎದುರಾಗಿ ನಿಲ್ಲಿಸಿಬಿಟ್ಟಿದೆ. ಆಲ್ಪೈನಿನಲ್ಲಿ ಎರಡೂ ಒಂದೇ ಅಂಗಳದಲ್ಲಿವೆ: ಹುಲ್ಲುನೆಲದ ನಿರ್ವಹಣೆ, ಪಶುವಿಜ್ಞಾನ ತರಗತಿಯಲ್ಲಿ ಕಲಿಯುವ ಪಾಠಗಳು, ಹಗ್ಗ ಬೀಸಿ ಕರು ಹಿಡಿಯುವುದು ಅದೇ ವಿದ್ಯಾರ್ಥಿಗಳ ಆಟ. ಅಂಥ ಊರಿನ ಬಗ್ಗೆ ಬರೆಯುವಾಗ ‘ದನಗಾಹಿ’ ಎಂದು ನೆಟ್ಟಗೆ ಬರೆಯುವುದೇ ಮರ್ಯಾದೆ ಎಂದು ನನಗನ್ನಿಸುತ್ತದೆ. ಆ ಪದಕ್ಕೆ ಅಂಟಿದ ಹೀನಾಯ ಹೋಗಬೇಕಾದರೆ ಅದನ್ನು ಒಳ್ಳೆಯ ಕಡೆ ಬಳಸುತ್ತಲೇ ಇರಬೇಕು.

ಇನ್ನೊಂದು ಹಳೆಯ ಪದವೂ ಇದೆ: ತುರುಗಾಹಿ. ತುರು ಅಂದರೆ ದನ. ವೀರಗಲ್ಲುಗಳಲ್ಲಿ ತುರುಗೋಳ್, ಅಂದರೆ ದನ ಸೆಳೆದೊಯ್ಯುವ ಕಾಳಗದಲ್ಲಿ ಮಡಿದವರ ಲೆಕ್ಕವೇ ಇಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ತುರುಗಾಹಿ ರಾಮಣ್ಣ ಇದ್ದಾನೆ. ಕಸುಬು ದನ ಕಾಯುವುದು, ಅಂಕಿತ ‘ಗೋಪತಿನಾಥ ವಿಶ್ವೇಶ್ವರಲಿಂಗ’. ದನ ಕಾಯುತ್ತ ಕವಿಯಾದವನು ನಮ್ಮಲ್ಲಿ ಎಂಟುನೂರು ವರ್ಷದ ಹಿಂದೆಯೇ ಇದ್ದ! ಸಾಮಾನ್ಯ ಬರಹಕ್ಕೆ ದನಗಾಹಿ, ‘ಕೌಬಾಯ್ ಕವಿ’ಗೆ ಮಾತ್ರ ‘ತುರುಗಾಹಿ ಕವಿ’ ಎಂದರೆ ಓದುಗರಿಗೆ ಗೊಂದಲವಾದೀತೇ? ಒಂದೇ ಲೇಖನದಲ್ಲಿ ಎರಡು ಪದ ಬೇಡವೆಂದರೆ ಯಾವುದನ್ನು ಉಳಿಸಲಿ?

ಅಂಕಿತದ ಮಾತು ಬಂತು. ದನದ ಮೈಮೇಲೆ ಕಾದ ಕಬ್ಬಿಣದಿಂದ ಒತ್ತುವ ಗುರುತಿಗೆ ‘ಬ್ರ್ಯಾಂಡ್’ ಅನ್ನುತ್ತಾರೆ. ‘ಬರೆ’ ಅಂದರೆ ನಮ್ಮಲ್ಲಿ ಶಿಕ್ಷೆಯೋ ಚಿಕಿತ್ಸೆಯೋ ಆಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷ, ಅಂದರೆ ದನಗಳ ಮೇಲಧಿಕಾರಿ, ಪ್ರತಿ ದನದ ಅಂಕ, ಚಿಹ್ನೆ, ಬಣ್ಣ, ಕೊಂಬುಗಳ ನಡುವಿನ ಅಂತರ ಬರೆದಿಡಬೇಕು. ಅಲ್ಲಿ ಅಂಕ ಅಂದರೆ ನಾವು ಹಾಕಿದ ಗುರುತು, ಚಿಹ್ನೆ ಅಂದರೆ ಹುಟ್ಟಿನಿಂದ ಬಂದದ್ದು. ಹಾಗಾಗಿ ದನದ ಗುರುತಿಗೆ ‘ಅಂಕ’ ಅಥವಾ ‘ಮುದ್ರೆ’ ಎರಡೂ ಹೊಂದುತ್ತವೆ. ಎರಡೂ ವಚನಕಾರರ ಗುರುತಿಗೂ ಸಲ್ಲುವ ಪದಗಳು ಎಂಬುದು ಈ ಲೇಖನದ ಮಟ್ಟಿಗೆ ನನಗೆ ಸಿಕ್ಕ ಭಾಗ್ಯ.

ಇನ್ನು ಮುಖ್ಯ ಪ್ರಶ್ನೆ. ನೆವಾಡದ ಎಲ್ಕೊ ಊರಿನಲ್ಲಿ 1985ರಲ್ಲಿ ದನಗಾಹಿ ಕವಿಗಳ ಕೂಟ ಶುರುವಾಯಿತು. ಆಲ್ಪೈನಿನಲ್ಲಿ 1987ರಲ್ಲಿ. ಆ ಕೂಟ 2019ಕ್ಕೆ ಮುಗಿಯಿತು, 2020ರಿಂದ ‘ಲೋನ್ ಸ್ಟಾರ್’ ಎಂಬ ಹೆಸರಿನಲ್ಲಿ ಹೊಸದು ನಡೆಯುತ್ತಿದೆ. ಚಳಿ ಇಳಿಯುವ ಹೊತ್ತಿಗೆ ನಡೆಯುವ ಹಬ್ಬ ಅದು. ಪದ್ಯಗಳಿಗೆ ಪ್ರಾಸವಿದೆ, ಲಯವಿದೆ. ಹೆಚ್ಚಿನವರು ಕಾಗದ ಹಿಡಿಯುವುದಿಲ್ಲ, ಬಾಯಿಪಾಠದಿಂದ ಹೇಳುತ್ತಾರೆ: ಕಳೆದುಹೋದ ಕುದುರೆ, ಬಾರದ ಮಳೆ, ಗುಡ್ಡದಲ್ಲಿ ಸಿಕ್ಕಿಬಿದ್ದ ಕರು. ಕವಿತೆಯೊಂದಿಗೆ ಗಿಟಾರೂ ಇರುತ್ತದೆ. ದನ ಸಾಕುವ ಕಾಡುಗೊಲ್ಲರು ಗಣೆ ಎಂಬ ಉದ್ದ ಕೊಳಲು ಊದಿಕೊಂಡು ತಮ್ಮ ದೈವ ಜುಂಜಪ್ಪನನ್ನು ಹಾಡುವುದನ್ನು ಕೇಳಿದವರಿಗೆ ಇದು ಹೊಸ ಲೋಕ ಅನ್ನಿಸುವುದಿಲ್ಲ.

ಈ ಕೂಟಕ್ಕೆ ಅವರು ಸಮ್ಮೇಳನ, ಉತ್ಸವ ಎಂದು ಹೆಸರಿಡದೆ ‘ಗ್ಯಾದರಿಂಗ್’ ಅಂದರು. ಬಯಲಿನಲ್ಲಿ ಚದುರಿದ ದನಗಳನ್ನು ಒಂದೆಡೆ ಕೂಡಿಸುವುದಕ್ಕೂ ಅಲ್ಲಿಯವರು ಬಳಸುವುದು ಅದೇ ಪದ. ಕನ್ನಡದಲ್ಲಿ ಇದಕ್ಕೆ ಎರಡೂ ಅರ್ಥ ಹೊರುವ ಪದ ಸಿಗಲಾರದೆಂದು ‘ಕೂಟ’, ‘ಮೇಳ’ಗಳ ನಡುವೆ ತೂಗುತ್ತಿದ್ದೆ. ನಿಘಂಟು ತೆಗೆದಾಗ ಕಂಡದ್ದು: ಗೋಷ್ಠ ಅಂದರೆ ಗೋವುಗಳು ನಿಲ್ಲುವ ಸ್ಥಳ, ದನದ ಹಟ್ಟಿ. ಅದರಿಂದಲೇ ಗೋಷ್ಠಿ, ಆಮೇಲೆ ಜನ ಸೇರಿ ಮಾತಾಡುವುದಕ್ಕೆಲ್ಲ ಗೋಷ್ಠಿ ಆಯಿತು. ಅಂದರೆ ದಸರೆಯಿಂದ ಹಿಡಿದು ತಾಲ್ಲೂಕು ಸಮ್ಮೇಳನದವರೆಗೆ ನಾವು ನಡೆಸುವ ಪ್ರತಿ ಕವಿಗೋಷ್ಠಿಯಲ್ಲೂ ದನಗಳಿವೆ. ‘ದನಗಾಹಿ ಕವಿಗೋಷ್ಠಿ’ ಎಂದರೆ ಮೂಲದ ಎರಡೂ ಅರ್ಥ ಒಂದೂ ಬಿಡದೆ ಬಂದುಬಿಡುತ್ತವೆ.

ಅನುಮಾನ ಇಷ್ಟೇ. ಇವತ್ತಿನ ಓದುಗರಿಗೆ ಕವಿಗೋಷ್ಠಿ ಅಂದರೆ ವೇದಿಕೆ, ಅಧ್ಯಕ್ಷರು, ಹಾರ, ಸಮಯ ಮೀರಿದಾಗ ಬರುವ ಚೀಟಿ. ಆ ಚಿತ್ರ ಆಲ್ಪೈನಿಗೆ ಹೊಂದದು. ಒಂದು ವಾಕ್ಯದ ವಿವರಣೆ ಕೊಟ್ಟರೆ ಓದುಗರು ಆ ಚಿತ್ರ ಬಿಟ್ಟು ಬರುತ್ತಾರೆ ಎಂಬ ನಂಬಿಕೆ ನನ್ನದು. ನಿಮಗೂ ಹಾಗೇ ತೋರುತ್ತದೆಯೇ?

ರೋಡಿಯೊವನ್ನು ‘ಗೂಳಿ ಕಾಳಗ’ ಎಂದು ಬರೆದದ್ದು ಕಂಡಿದ್ದೇನೆ, ಅದಂತೂ ಖಂಡಿತ ಸಲ್ಲದು. ಅದು ಸ್ಪೇನಿನ ಬೇರೆಯೇ ಆಟ. ನಮ್ಮ ಹಾವೇರಿ, ಶಿವಮೊಗ್ಗದ ಹೋರಿ ಹಬ್ಬವೂ ಇದಲ್ಲ. ಅಲ್ಲಿ ಓಡುವ ಹೋರಿಯ ಕೊಬ್ಬರಿ ಹರಿಯುತ್ತಾರೆ, ಯಾರೂ ಮೇಲೆ ಕೂರುವುದಿಲ್ಲ. ರೋಡಿಯೊದಲ್ಲಿ ನೆಗೆಯುವ ಗೂಳಿಯ ಮೇಲೆ ಎಂಟು ಸೆಕೆಂಡು ಕೂರಬೇಕು. ಇನ್ನೊಂದು ಪಂದ್ಯದಲ್ಲಿ ಕುದುರೆ ಮೇಲಿಂದ ಹಗ್ಗ ಬೀಸಿ ಕರುವನ್ನು ಹಿಡಿದು ಕಟ್ಟಬೇಕು. ಈ ಪದ ಇಂಗ್ಲಿಷಿನದೂ ಅಲ್ಲ. ದನಗಳನ್ನು ಸುತ್ತುವರಿದು ಕೂಡಿಸುವುದಕ್ಕೆ ಮೆಕ್ಸಿಕೊದ ದನಗಾಹಿಗಳು ಹೇಳುತ್ತಿದ್ದ ಸ್ಪ್ಯಾನಿಷ್ ಮಾತು. ರಾಂಚ್, ಲ್ಯಾಸೊ ಕೂಡ ಅವರಿಂದಲೇ ಬಂದವು. ಅಷ್ಟು ಕೈ ದಾಟಿ ಬಂದ ‘ರೋಡಿಯೊ’ವನ್ನು ನಾವೂ ಹಾಗೇ ಇಟ್ಟುಕೊಳ್ಳೋಣ. ಲ್ಯಾಸೊಗೆ ಮಾತ್ರ ‘ಜೀರುಗುಣಿಕೆ ಹಗ್ಗ’ ಇದೆ, ಎಳೆದಷ್ಟೂ ಬಿಗಿಯುವ ಕುಣಿಕೆ.

ಅಲ್ಲಿಯ ಬಿಗ್ ಬೆಂಡ್ ವಸ್ತುಸಂಗ್ರಹಾಲಯ ವಿಶ್ವವಿದ್ಯಾಲಯದ ಅಂಗಳದಲ್ಲೇ ಇದೆ. ಅಲ್ಲಿ ವರ್ಷಕ್ಕೊಮ್ಮೆ ‘ಟ್ರ್ಯಾಪಿಂಗ್ಸ್ ಆಫ್ ಟೆಕ್ಸಸ್’ ಎಂಬ ಪ್ರದರ್ಶನ ನಡೆಯುತ್ತದೆ. ಚಿತ್ರ, ಕಂಚಿನ ಮೂರ್ತಿಗಳ ಪಕ್ಕದಲ್ಲೇ ಜೀನು, ಕಡಿವಾಣ, ಹಸಿ ತೊಗಲಿನ ಎಳೆಗಳಿಂದ ಹೆಣೆದ ಲಗಾಮು. ಜೀನಿನ ತೊಗಲನ್ನು ನೀರಲ್ಲಿ ಹದ ಮಾಡಿ, ಸಣ್ಣ ಉಳಿ ಹಿಡಿದು ಹೂಬಳ್ಳಿ ಎಬ್ಬಿಸಿರುತ್ತಾರೆ. ಈ ಪ್ರದರ್ಶನಕ್ಕೆ ‘ಟೆಕ್ಸಸ್ಸಿನ ಜೀನು ಜೂಲು’ ಎಂದು ಹೆಸರು ಕೊಡೋಣವೆಂದಿದ್ದೇನೆ. ಜೂಲು ನಮ್ಮಲ್ಲಿ ಎತ್ತಿನ ಬೆನ್ನಿಗೆ ಹೊದಿಸುವ ಕಸೂತಿಬಟ್ಟೆ. ಅಲ್ಲಿ ಅಂಥದ್ದಿಲ್ಲ. ಆದರೂ ದನ, ಕುದುರೆಯ ಸಾಮಾನಿನಲ್ಲಿ ಉಪಯೋಗ, ಅಂದ ಎರಡನ್ನೂ ಒಟ್ಟಿಗೆ ಹೇಳುವ ಜೋಡಿ ಬೇರೆ ಹೊಳೆಯಲಿಲ್ಲ.

‘ಚಕ್‌ವ್ಯಾಗನ್’ಗೆ ‘ಬುತ್ತಿಗಾಡಿ’ ಎಂದಿದ್ದೇನೆ, ಇದರಲ್ಲಿ ನನಗೆ ಅನುಮಾನವಿಲ್ಲ. ಟೆಕ್ಸಸ್ಸಿನ ದನಗಳ ಒಡೆಯ ಚಾರ್ಲ್ಸ್ ಗುಡ್‌ನೈಟ್ 1866ರಲ್ಲಿ, ಮಂದೆಯನ್ನು ದೂರಕ್ಕೆ ಹೊಡೆದುಕೊಂಡು ಹೋಗುವ ದನಯಾತ್ರೆಗೆಂದು ಕಟ್ಟಿಸಿದ ಗಾಡಿ ಅದು. ಹಿಂಬದಿಯ ಪೆಟ್ಟಿಗೆಯ ಬಾಗಿಲು ಕೆಳಕ್ಕೆ ಬಿಟ್ಟರೆ ಅದೇ ಅಡುಗೆಯ ಮೇಜು. ಬೀಡುಕಬ್ಬಿಣದ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬಿಸ್ಕಿಟ್ ಎಂಬ ಮೆತ್ತನೆ ರೊಟ್ಟಿ ಬೇಯಿಸುತ್ತಾರೆ.

ನಿಮ್ಮಿಂದ ಮುಖ್ಯವಾಗಿ ಬೇಕಾದದ್ದು ಎರಡು. ಸವಾರರ ಹಿಮ್ಮಡಿಗೆ ಕಟ್ಟುವ, ಕುದುರೆಯ ಪಕ್ಕೆಗೆ ತಾಗಿಸುವ ಹಲ್ಲುಚಕ್ರಕ್ಕೆ ‘ಹಿಮ್ಮಡಿ ಮುಳ್ಳು’ ಬಿಟ್ಟು ಜನ ಆಡುವ ಪದವೇನಾದರೂ ಇದೆಯೇ? ಹಳೆಯ ಕುದುರೆ ಲಾಯಗಳ ಪರಿಚಯವಿದ್ದವರು, ಮೈಸೂರಿನವರು ಹೇಳಬಹುದು. ಎರಡನೆಯದು ಚಳ್ಳಕೆರೆ, ನಾಯಕನಹಟ್ಟಿ ಕಡೆಯವರಿಗೆ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಸಂಜೆ ಅಡವಿಯಲ್ಲಿ ಚದುರಿದ ರಾಸುಗಳನ್ನು ಒಂದು ಕಡೆಗೆ ತರುವ ಕೆಲಸಕ್ಕೆ ಏನನ್ನುತ್ತಾರೆ? ನಮ್ಮ ಕಡೆ ‘ತರುಬು’ ಅಂದರೆ ಎದುರು ಹೋಗಿ ತಡೆದು ನಿಲ್ಲಿಸುವುದಷ್ಟೇ, ಕೂಡಿಸುವುದಲ್ಲ. ಕಿಲಾರಿಗಳ ಬಾಯಲ್ಲಿ ಅದಕ್ಕೆ ಒಂದೇ ಪದ ಇದ್ದರೆ ಗೋಷ್ಠಿಯನ್ನೂ ಬಿಟ್ಟು ಅದನ್ನೇ ಕವಿಕೂಟದ ಹೆಸರಿಗೆ ಹಾಕಲು ಸಿದ್ಧನಿದ್ದೇನೆ. ಅವರನ್ನೇ ಕೇಳಿ ಬರೆಯುವವರಿದ್ದರೆ, ಅವರು ಹೇಳಿದ ವಾಕ್ಯವನ್ನು ಪೂರ್ತಿ, ಅವರ ಉಚ್ಚಾರದಲ್ಲೇ ಬರೆದು ಕಳಿಸಿ.