ಮಂಗಳೂರಿಗೆ ಬಂದ ಮೇಲೆ ಮಕ್ಕಳ ಮಾತು: ನಮ್ಮ ಮನೆಯ ಅನುಭವ

ಧಾರವಾಡದಿಂದ ಮಂಗಳೂರಿಗೆ ಬರ್ತಾ ಇದ್ದೇವೆ, 4 ಮತ್ತು 11 ವರ್ಷದ ಮಕ್ಕಳ ಮಾತಿನ ಧಾಟಿ ಬದಲಾಗುತ್ತದಾ, ನಮ್ಮ ಮನೆಮಾತು ಉಳಿಯುತ್ತದಾ ಅಂತ ಕೇಳಿದ್ದೀರಿ. ಬದಲಾಗುತ್ತದೆ, ಉಳಿಯುತ್ತದೆ ಕೂಡ. ಆದರೆ ಇಬ್ಬರಲ್ಲೂ ಒಂದೇ ರೀತಿ ಅಲ್ಲ.

ನಾವು ಹುಬ್ಬಳ್ಳಿ ಕಡೆಯವರು. ಸುರತ್ಕಲ್‌ಗೆ ಬಂದಾಗ ಮಗನಿಗೆ 5, ಮಗಳಿಗೆ 12. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಮಗನ ಬಾಯಲ್ಲಿ ‘ಎಂತ’, ‘ಉಂಟು’ ಬಂದಿತ್ತು, ಜೊತೆಗೆ ಇಲ್ಲಿಯ ರಾಗವೂ. ಮಗಳು ಪದಗಳನ್ನು ಬೇಗ ಕಲಿತಳು. ರಾಗ ಮಾತ್ರ ಇವತ್ತಿಗೂ ನಮ್ಮ ಕಡೆಯದೇ.

ತುಳುವಿನಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಯಿತು. ‘ನಾನು ಬಂದೆ’, ‘ಅವನು ಬಂದ’ ಎರಡಕ್ಕೂ ‘ಬತ್ತೆ’ ಅಂದ ಹಾಗೆ ನಮ್ಮ ಕಿವಿಗೆ ಕೇಳಿಸುತ್ತದೆ. ಆದರೆ ‘ನಾನು’ ಅಂದಾಗ ಕೊನೆಯ ಸ್ವರಕ್ಕೆ ಬಾಯಿ ಜಾಸ್ತಿ ತೆರೆಯಬೇಕು. ಪಕ್ಕದ ಮನೆಯ ಮಕ್ಕಳ ಜೊತೆ ಆಡುತ್ತಲೇ ಮಗ ಅದನ್ನು ಹಿಡಿದ. ಮಗಳಿಗೆ ತುಳು ಪೂರ್ತಿ ಅರ್ಥವಾಗುತ್ತದೆ, ಮಾತಾಡುತ್ತಾಳೆ, ಆ ಸ್ವರ ಮಾತ್ರ ತಪ್ಪುತ್ತದೆ.

ಹಾಗಂತ ವಯಸ್ಸೊಂದೇ ಸಾಲದು. ಗೆಳತಿಯ ಮಗಳು ಮಂಗಳೂರಿಗೆ ಬಂದಾಗ ಬರೀ 4 ವರ್ಷ. ಅಪಾರ್ಟ್‌ಮೆಂಟಿನಲ್ಲಿ ಆಟವೆಲ್ಲ ಹಿಂದಿ, ಇಂಗ್ಲಿಷಿನಲ್ಲಿ. ಅವಳ ಕನ್ನಡ ಇನ್ನೂ ಅಮ್ಮನ ಬೆಂಗಳೂರು ಕನ್ನಡವೇ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಹೊಸ ಊರಿನಲ್ಲಿ ಪಾಲ್ ಕರ್ಸ್‌ವಿಲ್ ಮತ್ತು ಆನ್ ವಿಲಿಯಮ್ಸ್ ಎಂಬ ಭಾಷಾಶಾಸ್ತ್ರಜ್ಞರು ಇದನ್ನೇ ಗಮನಿಸಿದ್ದರು. ಬೇರೆ ಬೇರೆ ಕಡೆಯಿಂದ ಬಂದು ನೆಲೆಸಿದ ಮನೆಗಳಲ್ಲಿ 4 ವರ್ಷದ ಮಕ್ಕಳ ಮಾತು ಹೆಚ್ಚಾಗಿ ತಾಯಿಯ ಹಾಗೆ, 8 ಮತ್ತು 12 ವರ್ಷದವರದು ಓರಗೆಯವರ ಹಾಗೆ ಇತ್ತು. ಹಾಗಾಗಿ ಚಿಕ್ಕವನು ಬಂದ ಕೂಡಲೇ ಬದಲಾಗದಿದ್ದರೆ ಗಾಬರಿ ಬೇಡ. ಆಟದ ಗೆಳೆಯರು ಸಿಗಲಿ.

ಮನೆಮಾತಿನ ಚಿಂತೆ ನನಗೂ ಇತ್ತು. ನಾವಿಬ್ಬರೂ ಮನೆಯಲ್ಲಿ ನಮ್ಮ ಮಾತು ಬಿಡಲಿಲ್ಲ, ಅಷ್ಟೇ. ಈಗ ಮಗ ಫೋನಿನಲ್ಲಿ ‘ಏನ್ ಮಾಡಾಕತ್ತೀ ಅಜ್ಜಿ’ ಅಂತಾನೆ, ಗೇಟು ದಾಟಿದರೆ ‘ಎಂತ ಮಾಡುದು ಮಾರಾಯ’. ಎರಡನ್ನೂ ನಾವು ತಿದ್ದುವುದಿಲ್ಲ.

ದೊಡ್ಡವಳ ಕಡೆ ಜಾಸ್ತಿ ಗಮನ ಕೊಡಿ. 11ರ ವಯಸ್ಸಿನಲ್ಲಿ ಕ್ಲಾಸಿನವರು ‘ಹೌದ್ರೀ’ ಕೇಳಿ ನಕ್ಕರೆ ತುಂಬಾ ನೋವಾಗುತ್ತದೆ. ನನ್ನ ಮಗಳು ಕೆಲವು ದಿನ ಕ್ಲಾಸಿನಲ್ಲಿ ಬಾಯೇ ಬಿಡಲಿಲ್ಲ. ನಮ್ಮದೇ ಬೀದಿಯ ಒಬ್ಬ ಗೆಳತಿ ಸಿಕ್ಕ ಮೇಲೆ ಸರಿಹೋಯಿತು. ಸಾಧ್ಯವಾದರೆ ಏಪ್ರಿಲ್-ಮೇ ರಜೆಯಲ್ಲೇ ಬಂದುಬಿಡಿ. ಶಾಲೆ ಶುರುವಾಗುವ ಮೊದಲೇ ಇಬ್ಬರಿಗೂ ಓಣಿಯ ಮಕ್ಕಳ ಪರಿಚಯ ಆಗಿರುತ್ತದೆ.