ಒಪ್ಪಿಗೆ ಪತ್ರದಲ್ಲಿ ‘ದಾಖಲಾದ’, ‘ಮುಖಾಮುಖಿ’: ಬಲ್ಲವರಲ್ಲಿ ಕೋರಿಕೆ

ಮಾನ್ಯರೆ,

ಚಿಕ್ಕಮಗಳೂರು ಜಿಲ್ಲೆಯ ಆರೋಗ್ಯ ಉಪಕೇಂದ್ರಗಳಲ್ಲಿ, ದೂರದಿಂದಲೇ ವೈದ್ಯರನ್ನು ಕಾಣಿಸುವ ಸರ್ಕಾರಿ ಸೇವೆಯಾದ ಇ-ಸಂಜೀವಿನಿಯ ಮೂಲಕ ಸಲಹೆ ಪಡೆದವರ ದಾಖಲೆಗಳನ್ನು ಅಧ್ಯಯನಕ್ಕೆ ಬಳಸಿಕೊಳ್ಳಬೇಕೆಂದಿರುವ ವೈದ್ಯ ಮಿತ್ರರೊಬ್ಬರು, ರೋಗಿಗಳಿಗೆ ಓದಿಹೇಳಬೇಕಾದ ಒಪ್ಪಿಗೆ ಪತ್ರದ ಕನ್ನಡ ಕರಡನ್ನು ತಿದ್ದಿಕೊಡಲು ನನಗೆ ಕಳಿಸಿದ್ದಾರೆ. ಅದರ ಎರಡು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಕರಡಿನಲ್ಲಿ ‘ದೂರ ಸಮಾಲೋಚನೆಯಲ್ಲಿ ದಾಖಲಾದ ರೋಗಿಗಳ ಮಾಹಿತಿ’ ಎಂದಿದೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ‘ಜಿಲ್ಲಾಸ್ಪತ್ರೆಗೆ ದಾಖಲಿಸಲಾಗಿದೆ’ ಎಂದು ದಿನವೂ ಪತ್ರಿಕೆಯಲ್ಲಿ ಓದುವ ನಮಗೆ, ದಾಖಲಾದ ರೋಗಿಯೆಂದರೆ ಅಡ್ಮಿಟ್ ಆದವನೇ. ಕೆಮ್ಮಿಗೆ ಔಷಧಿ ಬರೆಸಿಕೊಂಡು ಮನೆಗೆ ಹೋದವರು ಇದನ್ನು ಕೇಳಿದರೆ ಗಾಬರಿಯಾದಾರು. ‘ನಮೂದಾದ’ ಎಂದರೆ ಈ ತೊಡಕಿಲ್ಲವೆಂದು ನನಗೆ ತೋರುತ್ತದೆ.

ಎರಡನೆಯದಾದ ‘ಮುಖಾಮುಖಿ’ ಇಷ್ಟು ಸುಲಭವಲ್ಲ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ (ದೂರದಿಂದ ವೈದ್ಯರ ಸಲಹೆ) ಮಾರ್ಗಸೂಚಿಯು ವಿಡಿಯೊ, ಧ್ವನಿ, ಬರಹ ಈ ಮೂರು ಬಗೆಗಳನ್ನೂ ಒಪ್ಪುತ್ತದೆ; ಆದರೆ ಅದೇ ತೊಂದರೆಗೆ ಅದೇ ವೈದ್ಯರನ್ನು ಹಿಂದಿನ 6 ತಿಂಗಳೊಳಗೆ ಖುದ್ದಾಗಿ ಕಂಡಿದ್ದರೆ ಮಾತ್ರ ಅದನ್ನು ಮುಂದುವರಿದ ಸಮಾಲೋಚನೆಯೆಂದು ಎಣಿಸುತ್ತದೆ, ಇಲ್ಲವಾದರೆ ಅದು ಮೊದಲ ಸಮಾಲೋಚನೆಯೇ ಆಗುತ್ತದೆ. ದೂರದಿಂದ ಯಾವ ಔಷಧಿ ಬರೆಯಬಹುದೆಂಬುದಕ್ಕೆ ಈ ಭೇದವೂ ಒಂದು ಆಧಾರ. ಕರಡಿನ ಪ್ರಶ್ನೆಯಾದರೋ, ‘ಕಳೆದ ಆರು ತಿಂಗಳಲ್ಲಿ ವೈದ್ಯರನ್ನು ಮುಖಾಮುಖಿ ಭೇಟಿಯಾಗಿದ್ದೀರಾ?’ ಎಂದಿದೆ. ವಿಡಿಯೊದಲ್ಲೂ ಮುಖಕ್ಕೆ ಮುಖ ಕಾಣುತ್ತದಲ್ಲ! (ಅಲ್ಲದೆ ನಮ್ಮಲ್ಲಿ ಮುಖಾಮುಖಿ ಆಗುವುದು ಹೆಚ್ಚಾಗಿ ಲಾರಿ ಮತ್ತು ಬೈಕುಗಳು.)

‘ಡಾಕ್ಟರಿಗೆ ತೋರಿಸಿದ್ದೀರಾ’ ಎಂದು ಬದಲಿಸೋಣವೆಂದುಕೊಂಡಿದ್ದೆ. ಮೂಡಿಗೆರೆ ಕಡೆಯ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯಾಧಿಕಾರಿಯು ಅಜ್ಜಿಯೊಬ್ಬರ ಬಿಪಿ ನೋಡಿ, ಅಂಕಿಯನ್ನು ತೆರೆಯ ಮೇಲಿನ ವೈದ್ಯರಿಗೆ ಓದಿಹೇಳಿ, ಬಂದ ಚೀಟಿಯಂತೆ ಮಾತ್ರೆ ಕೊಟ್ಟು ಕಳಿಸಿದರು. ಆ ಅಜ್ಜಿ ಹೊರಗೆ ಕಾಯುತ್ತಿದ್ದ ಮಗನಿಗೆ ಹೇಳಿದ್ದು, ‘ಡಾಕ್ಟ್ರಿಗೆ ತೋರ್ಸ್ಕೊಂಡು ಬಂದೆ ಕಣೋ’ ಎಂದೇ. ಫೋನಿನಲ್ಲಿ ಬರೀ ಮಾತಾಡಿದ್ದರೆ ‘ಫೋನ್ ಮಾಡಿ ಕೇಳ್ದೆ’ ಎನ್ನುತ್ತಿದ್ದರು. ಅಂದರೆ ನಮ್ಮ ಜನ ಗೆರೆ ಎಳೆಯುವುದು ಕಾಣುವುದಕ್ಕೂ ಕೇಳುವುದಕ್ಕೂ ನಡುವೆ, ಮಾರ್ಗಸೂಚಿ ಎಳೆಯುವುದು ಖುದ್ದು ಹೋಗುವುದಕ್ಕೂ ಹೋಗದಿರುವುದಕ್ಕೂ ನಡುವೆ. ಪ್ರಶ್ನೆಯಲ್ಲಿ ಇದು ಸ್ಪಷ್ಟವಾಗದಿದ್ದರೆ, ಅಜ್ಜಿಯ ‘ಹೌದು’ ತಪ್ಪು ಕಾಲಮ್ಮಿಗೆ ಸೇರಿ, ದಾಖಲೆಯಲ್ಲಿರುವ ಸಂಗತಿಗೂ ರೋಗಿಯ ಉತ್ತರಕ್ಕೂ ತಾಳೆಯಾಗದು.

‘ಖುದ್ದು ಭೇಟಿ’ ಎಂಬುದು ತಾಲ್ಲೂಕು ಕಚೇರಿಯ ದಯದಿಂದ ಎಲ್ಲರಿಗೂ ತಿಳಿದಿರುವ ಮಾತು. ನನ್ನ ಒಲವು ಅದರ ಕಡೆಗಿದೆ. ‘ಸಮಾಲೋಚನೆ’ಯನ್ನೂ ಬಿಡಬೇಕೆನಿಸುತ್ತದೆ, ಏಕೆಂದರೆ ಆಸ್ಪತ್ರೆಗಳಲ್ಲಿ ‘ಆಪ್ತ ಸಮಾಲೋಚಕರು’ ಎಂಬ ಫಲಕ ನೋಡಿದವರು ಅದನ್ನು ಮನಸ್ಸಿನ ತೊಂದರೆಗೆ ಕೊಡುವ ಸಲಹೆಯೆಂದು ತಿಳಿಯುತ್ತಾರೆ. ‘ದೂರದಿಂದ ಪಡೆದ ವೈದ್ಯರ ಸಲಹೆ’ ಉದ್ದವಾದರೂ ಸಂಶಯಕ್ಕೆ ಎಡೆಯಿಲ್ಲ.

ಉಳಿದಿರುವುದು ಬರಹದ ಬಗೆ. ವಾಟ್ಸಾಪಿನಲ್ಲಿ ಚರ್ಮದ ಫೋಟೊ ಕಳಿಸಿ ಔಷಧಿ ಬರೆಸಿಕೊಂಡವರು ಅದನ್ನು ‘ತೋರಿಸಿದೆ’ ಎನ್ನುತ್ತಾರೋ ‘ಕೇಳಿದೆ’ ಎನ್ನುತ್ತಾರೋ ನಿರ್ಧರಿಸಲಾಗಿಲ್ಲ. ಹಾಸನ, ಸಕಲೇಶಪುರದ ಕಡೆಯವರು ತಮ್ಮಲ್ಲಿನ ಬಳಕೆಯನ್ನು ತಿಳಿಸಿದರೆ ಉಪಕಾರವಾಗುತ್ತದೆ.