ಶುಗರ್ ರಿಪೋರ್ಟ್ ಚೆನ್ನಾಗಿದೆ, ಅಪ್ಪ ಮಾತ್ರ ಸೊರಗುತ್ತಿದ್ದಾರೆ

ಕಿರಿಮಗಳು:
ಅಪ್ಪನಿಗೆ 78. ಸಕ್ಕರೆ ಕಾಯಿಲೆ ಬಂದು 20 ವರ್ಷ ದಾಟಿತು. ಈ ಸಲ ಎಚ್‌ಬಿಎ1ಸಿ (ಕೆಲವು ತಿಂಗಳ ಶುಗರ್ ಹೇಗಿತ್ತು ಅಂತ ತೋರಿಸುವ ರಕ್ತಪರೀಕ್ಷೆ) 6.2 ಬಂದಿದೆ. ಮನೆಯವರಿಗೆಲ್ಲ ಖುಷಿ. ಅಪ್ಪನಿಗಂತೂ ಪರೀಕ್ಷೆ ಪಾಸಾದಷ್ಟು ಹೆಮ್ಮೆ.

ಆದರೆ ನಾನು ದಿನಾ ನೋಡುತ್ತಿರುವುದೇ ಬೇರೆ. ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತಾರೆ. ಮೊದಲ ಸಲಕ್ಕೆ ಆಗುವುದಿಲ್ಲ. ಸ್ವಲ್ಪ ಮುಂದೆ ಸರಿದು, ಉಸಿರು ಬಿಗಿ ಹಿಡಿದು ಇನ್ನೊಮ್ಮೆ ನೋಡುತ್ತಾರೆ. ಒಂದು ವರ್ಷದಲ್ಲಿ ತೂಕ 5 ಕೆಜಿ ಇಳಿದಿದೆ. ಮೊನ್ನೆ ಒಂದು ಚಪ್ಪಲಿ ಬಾಗಿಲ ಹತ್ತಿರ ಬಿದ್ದಿತ್ತು. ಇನ್ನೊಂದು ಅವರ ಕಾಲಲ್ಲೇ ಇತ್ತು. ಒಂದು ಜಾರಿ ಹೋದದ್ದು ಅವರಿಗೆ ಗೊತ್ತೇ ಆಗಿಲ್ಲ.

ಹೋದ ವಾರ ಬೆಳಗಿನ ಜಾವ ಎದ್ದು ಗೋಡೆ ತಡವುತ್ತಿದ್ದರು. ಸ್ವಿಚ್ಚು ಇರುವುದು ಎದುರು ಗೋಡೆಯಲ್ಲಿ. "ಏನು ಹುಡುಕ್ತಿದ್ದೀರಪ್ಪಾ?" ಅಂದರೆ ಸರಿಯಾಗಿ ಉತ್ತರ ಬರಲಿಲ್ಲ.

ಶುಗರಿಗೆ ಮಾತ್ರೆ ಎರಡು: ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್. ಎಲ್ಲರೂ "ವಯಸ್ಸಾಯ್ತು ಬಿಡು" ಅನ್ನುತ್ತಾರೆ. ನನಗೆ ಹಾಗೆ ಬಿಡಲು ಮನಸ್ಸು ಬರುತ್ತಿಲ್ಲ. ಶುಗರ್ ಹತೋಟಿಯಲ್ಲಿದ್ದರೂ ಮೈ ಯಾಕೆ ಇಳಿಯುತ್ತಿದೆ?

ನಸುಕು:
ಅಕ್ಕ, ಗೋಡೆ ತಡವಿದರು ಅಂದದ್ದು ಓದಿ ಎದೆ ಧಸಕ್ಕೆಂದಿತು. ನಮ್ಮಮ್ಮನದ್ದೂ ಹಾಗೇ ಶುರುವಾಯಿತು. ನಾವು ಮರೆವು ಅಂದುಕೊಂಡೆವು. ಒಂದು ದಿನ ಬಾತ್‌ರೂಮ್ ಬಾಗಿಲಲ್ಲೇ ಬಿದ್ದರು. ಬೆರಳು ಚುಚ್ಚಿ ನೋಡಿದರೆ 52.

70ಕ್ಕಿಂತ ಕೆಳಗೆ ಹೋದರೆ ಲೋ ಶುಗರ್. 54ಕ್ಕಿಂತ ಕೆಳಗಾದರೆ ತುಂಬಾ ಅಪಾಯ. ವಯಸ್ಸಾದವರಿಗೆ ಬೆವರು, ನಡುಕ ಬಂದೇ ಬರುತ್ತದೆ ಅಂತೇನಿಲ್ಲ. ಸುಮ್ನೆ ಮಂಕಾಗುತ್ತಾರೆ, ಮಾತು ತಡವರಿಸುತ್ತದೆ, ಕಾಲು ಸೋಲುತ್ತದೆ. ಗ್ಲಿಮಿಪಿರೈಡ್ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಈ ಭಯ ತೀರಾ ಕಡಿಮೆ. ಇನ್ನೊಂದು ಮಾತು, ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಅಷ್ಟೇ. ಹಗಲು 200 ಏರಿ ನಸುಕಿಗೆ 55ಕ್ಕೆ ಬಿದ್ದರೂ ರಿಪೋರ್ಟಿನಲ್ಲಿ ಕಾಣುವುದಿಲ್ಲ.

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ ಗಟ್ಟಿಮುಟ್ಟಾದ ಹಿರಿಯರಿಗೆ ಎಚ್‌ಬಿಎ1ಸಿ 7–7.5ಕ್ಕಿಂತ ಕಡಿಮೆ, ಹಲವು ಕಾಯಿಲೆಗಳಿದ್ದು ಸೋತಿರುವವರಿಗೆ 8ರ ಒಳಗೆ ಇದ್ದರೆ ಸಾಕು ಅನ್ನುತ್ತದೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಮೂರು ದಿನ ನಸುಕಿಗೆ ಶುಗರ್ ನೋಡಿ, ಬರೆದಿಟ್ಟು, ತಡಮಾಡದೆ ಡಾಕ್ಟರಿಗೆ ತೋರಿಸಿ. ಮತ್ತೆ ಮಂಕಾದರೆ, ನುಂಗುವಷ್ಟು ಎಚ್ಚರವಿದ್ದರೆ, 15 ಗ್ರಾಂ ಗ್ಲೂಕೋಸ್ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ.

ಹೆಜ್ಜೆ:
ನಾನು ಫಿಸಿಯೋಥೆರಪಿಸ್ಟ್. ನನಗೆ ಕಣ್ಣಿಗೆ ಬಿದ್ದದ್ದು ಆ ಕುರ್ಚಿ ಮತ್ತು ಚಪ್ಪಲಿ.

ಊಟದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯು. ಸ್ನಾಯು ಕರಗಿದರೆ ಸಕ್ಕರೆಗೆ ಹೋಗಲು ಜಾಗವಿಲ್ಲ. ಶುಗರ್ ಜಾಸ್ತಿ ಇದ್ದರೆ ಸ್ನಾಯು, ನರ ಎರಡಕ್ಕೂ ಪೆಟ್ಟು. ಶುಗರಿಗೆ ಹೆದರಿ ಊಟವನ್ನೇ ಅರ್ಧ ಮಾಡಿಕೊಂಡ ಹಿರಿಯರು ಎಷ್ಟೋ ಜನ ನನ್ನ ಹತ್ತಿರ ಬರುತ್ತಾರೆ. ಶುಗರ್ ಇಳಿದಿರುತ್ತದೆ, ತೊಡೆಯೂ ಇಳಿದಿರುತ್ತದೆ. ನೋಡಿದರೆ ಸಂಕಟವಾಗುತ್ತದೆ. ನಿಮ್ಮ ಅಪ್ಪ ಎಷ್ಟು ಊಟ ಮಾಡುತ್ತಿದ್ದಾರೆ, ಸ್ವಲ್ಪ ಗಮನಿಸಿ. ಕಿಡ್ನಿ ಸರಿಯಿದ್ದರೆ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ತೂಕ ಇಷ್ಟು ಇಳಿಯಲು ಬೇರೆ ಕಾರಣವೂ ಇರಬಹುದು, ಡಾಕ್ಟರಿಗೆ ಹೇಳಿ.

ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. ನೀವು ಪಕ್ಕದಲ್ಲೇ ಇರಿ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿದೆ ಅಂತಲೇ. ಬರೀ ವಾಕಿಂಗ್‌ನಿಂದ ಆ ಬಲ ವಾಪಸ್ ಬರುವುದು ಕಷ್ಟ. ಎದ್ದು ಕೂರುವುದನ್ನೇ ವ್ಯಾಯಾಮ ಮಾಡಬೇಕು.

ಚಪ್ಪಲಿ ಜಾರಿದ್ದು ಗೊತ್ತಾಗದಿದ್ದರೆ ಪಾದದ ಸ್ಪರ್ಶ ಹೋಗಿರಬಹುದು. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿ. ವಿಟಮಿನ್ ಬಿ12 ಪರೀಕ್ಷೆಯೂ ಮಾಡಿಸಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು, ಅದರಿಂದಲೂ ಕಾಲು ಮರಗಟ್ಟುತ್ತದೆ.

ಕಿರಿಮಗಳು:
ನಾಲ್ಕು ವಾರ ಆಯಿತು. ನಸುಕಿನ ಶುಗರ್ ಮೂರು ದಿನ 61, 58, 74 ಬಂತು. ಡಾಕ್ಟರು ಗ್ಲಿಮಿಪಿರೈಡ್ ನಿಲ್ಲಿಸಿದರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಗಿದೆ.

ಎದ್ದು ಕೂರುವ ವ್ಯಾಯಾಮದಲ್ಲಿ ಮೊದಲ ದಿನ ಅಪ್ಪ ಮೂರನೇ ಸಲಕ್ಕೇ ಕೂತುಬಿಟ್ಟರು. ಏನೂ ಮಾತಾಡದೆ ನನ್ನ ಮುಖ ನೋಡಿದರು. ಸೀಟಿನ ಮೇಲೆ ದಿಂಬು ಹಾಕಿ ಎತ್ತರ ಮಾಡಿದೆ. ಆಮೇಲೆ ದಿನಾ ಎರಡು ಹೊತ್ತು ಅದೇ ಕೆಲಸ. ನಿನ್ನೆ ದಿಂಬಿಲ್ಲದೆ ಐದೂ ಆಯಿತು, 24 ಸೆಕೆಂಡ್. ಬೆಳಗಿನ ಶುಗರ್ ಈಗ 130ರ ಆಸುಪಾಸು. "ಜಾಸ್ತಿ ಆಯ್ತಲ್ಲಮ್ಮಾ" ಅಂತ ಅವರಿಗೆ ಬೇಜಾರು. ಇದೇ ಸರಿ ಅಂತ ದಿನಾ ಹೇಳುತ್ತಿದ್ದೇನೆ.

ಐದು ಮುಗಿದ ಮೇಲೆ ತೊಡೆ ನಡುಗುತ್ತದೆ. ಅಲ್ಲಿಗೇ ನಿಲ್ಲಿಸಲಾ?

ಹೆಜ್ಜೆ:
24 ಸೆಕೆಂಡ್! ಓದಿ ತುಂಬಾ ಖುಷಿಯಾಯಿತು. ದಣಿದ ತೊಡೆ ಸ್ವಲ್ಪ ನಡುಗುತ್ತದೆ. ಎರಡು ನಿಮಿಷ ಕೂರಿಸಿ, ನಡುಕ ನಿಂತರೆ ಇನ್ನೊಂದು ಸುತ್ತು ಮಾಡಿಸಿ. ನಿಲ್ಲದಿದ್ದರೆ ಮೊದಲು ಶುಗರ್ ನೋಡಿ. ಎದೆ ನೋವು, ತಲೆ ಸುತ್ತು ಬಂದರೆ ಅವತ್ತಿಗೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಿದ್ದೀರಿ ಅಲ್ವಾ?